ಓದದೆ ಬಿಟ್ಟ ಮೊದಲ ಪಾಠ

ಲಕ್ಷ್ಮೀನಾರಾಯಣರ ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಕಣ್ಣಲ್ಲಿ ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ಹಾಸನದ ಕಡೆಯ ಮನೆಯಲ್ಲಿ ಅಪ್ಪ ಸಂಜೆ ಹೊತ್ತು ಕಾವ್ಯ ವಾಚನ ಮಾಡುತ್ತಿದ್ದರು. ಹುಡುಗ ಕಂಬಕ್ಕೆ ಒರಗಿ ಕೇಳುತ್ತಿದ್ದ. ಕಿವಿಯಿಂದ ಒಳಗಿಳಿದದ್ದೇ ವಿದ್ಯೆ ಎಂದು ಆಗಲೇ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಪ್ಪನದು ಇನ್ನೊಂದು ಕಟ್ಟುನಿಟ್ಟಿತ್ತು. ಕಾವ್ಯದಲ್ಲಿ ಯಾರೋ ಸತ್ತ ಕಡೆ, ಏನೋ ಸುಟ್ಟ ಕಡೆ ಓದು ಶುರುಮಾಡುವಂತಿಲ್ಲ, ನಿಲ್ಲಿಸುವಂತೆಯೂ ಇಲ್ಲ. ಗಂಟಲು ಕಟ್ಟಿದರೂ ಸರಿ, ಒಂದು ಮದುವೆಯೋ ಒಂದು ವರವೋ ಬರುವತನಕ ಓದಿ ಆಮೇಲೇ ಪುಸ್ತಕ ಮುಚ್ಚಬೇಕು.

ಇಂಥ ಮನುಷ್ಯ ವಡೋದರದಲ್ಲಿ ರೈಲ್ವೆಯಿಂದ ನಿವೃತ್ತರಾದ ಮೇಲೆ ಸ್ಪೋರ್ಟ್ಸ್ ಕಾರು ಕಟ್ಟಲು ಹೊರಟದ್ದು ಹೆಂಡತಿ ರುಕ್ಮಿಣಿಗೇ ನಗು ತರಿಸಿತ್ತು. ನರೋಡಾದ ಶೆಡ್ಡೊಂದರವನು ಕಾರಿನ ಕಿಟ್ ಮಾರುತ್ತಿದ್ದ. ಕಬ್ಬಿಣದ ಕೊಳವೆಗಳ ಚಾಸಿ, ಫೈಬರಿನ ಮೈ, ಇಬ್ಬರು ಕೂರುವಷ್ಟು ಜಾಗ. ಎಂಜಿನ್ ನಾವೇ ಹಳೇ ಕಾರಿನದು ತಂದು ಕೂರಿಸಿಕೊಳ್ಳಬೇಕು. ಕೈಪಿಡಿ ಆಮೇಲೆ ಕಳಿಸುತ್ತೇನೆ ಎಂದವನು ಶೆಡ್ಡಿಗೆ ಬೀಗ ಹಾಕಿಕೊಂಡು ಎತ್ತಲೋ ಹೋದ. ಭಾಗಗಳು ಇವರಿದ್ದ ವಸತಿ ಸೊಸೈಟಿಯ ಪಾರ್ಕಿಂಗಿನಲ್ಲಿ ಬಿದ್ದುಕೊಂಡವು. ಸೀಟಿನಲ್ಲಿ ಬೆಕ್ಕು ಮರಿ ಹಾಕಿತು.

ಕೊನೆಗೆ ಸೊಸೈಟಿಯ ಚೇರ್ಮನ್ ಜಯಂತಿಭಾಯಿ ಮನೆಗೇ ಬಂದು ಹೇಳಿದರು: "ರಾವ್ ಸಾಹೇಬ್, ಓಡಿದರೆ ಗಾಡಿ, ಓಡದಿದ್ದರೆ ಭಂಗಾರ್, ಬರೀ ಗುಜರಿ. ದೀಪಾವಳಿಗೆ ಮುಂಚಿನ ಭಾನುವಾರ ಕಾಂಪೌಂಡಿನಲ್ಲಿ ಒಂದು ಸುತ್ತು ಹಾಕಿ ತೋರಿಸಿ. ಜಾಗ ನಿಮ್ಮದೇ. ಇಲ್ಲವೋ, ಸೋಮವಾರ ಗುಜರಿಯವನನ್ನು ಕರೆಸುತ್ತೇನೆ."

ಅದೇ ಕಿಟ್ ತಂದು ಕಾರು ಕಟ್ಟಿದ ಸೂರತ್ತಿನ ಹಸ್ಮುಖಭಾಯಿ ಎಂಬವರು ತಾವೇ ಚಿತ್ರ ಬರೆದು, ತಾವೇ ಅಚ್ಚು ಹಾಕಿಸಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದಿದ್ದಾರೆ ಎಂಬ ಸುದ್ದಿ ಸಿಕ್ಕಿದ್ದು ಆಮೇಲೆ. ಫೋನ್ ಮಾಡಿದರೆ, "ಕೊರಿಯರ್ ಗಿರಿಯರ್ ಇಲ್ಲ. ಬೇಕಾದವರು ಬಂದು ಒಯ್ಯಬೇಕು" ಎಂದರು.

ಲಕ್ಷ್ಮೀನಾರಾಯಣರು ಸೂರತ್ತಿಗೇ ಹೋದರು. ಹಸ್ಮುಖಭಾಯಿಯ ಮನೆ ಇದ್ದದ್ದು ಅಲ್ಲಿಯ ವರಾಛಾದಲ್ಲಿ. ಕೆಳಗೆ ವಜ್ರ ಉಜ್ಜುವ ಚಕ್ರಗಳ ಗುಂಯ್ ಶಬ್ದ, ಮೇಲೆ ದಿವಾನ್ ಮಂಚದ ಅಡಿಯಲ್ಲಿ ಪುಸ್ತಕದ ಕಟ್ಟುಗಳು. ಹಸ್ಮುಖಭಾಯಿ ಒಂದನ್ನು ಎಳೆದು ಧೂಳು ಕೊಡವಿ ಇವರ ತೊಡೆಯ ಮೇಲಿಟ್ಟರು.

"ದುಡ್ಡು ಆಮೇಲೆ. ಮೊದಲನೇ ಪಾಠ ಇಲ್ಲೇ ಕೂತು ಓದಬೇಕು. ಓದಿದ ಮೇಲೇ ಪುಸ್ತಕ ನಿಮ್ಮದು."

"ಮನೆಯಲ್ಲಿ ನಮ್ಮವಳು ಓದುತ್ತಾಳೆ..."

"ಗಾಡಿ ನಡೆಸೋದು ಅವರೋ ನೀವೋ?" ಎಂದು ನಕ್ಕು, ಫೋನ್ ಬಂತೆಂದು ಅವರು ಬಾಲ್ಕನಿಗೆ ಹೋದರು.

ಲಕ್ಷ್ಮೀನಾರಾಯಣರು ಪುಟ ತೆರೆದರು. ಮೊದಲ ಪಾಠದ ಹೆಸರೇ 'ಬೆಂಕಿ'. ಕೆಳಗೆ ಬಣ್ಣದ ಚಿತ್ರ, ಬಾನೆಟ್ಟಿನಿಂದ ಜ್ವಾಲೆ ಏಳುತ್ತಿರುವ ಕಾರು. ಬಿಸಿ ಪಾತ್ರೆ ಮುಟ್ಟಿದವರಂತೆ ತಟ್ಟನೆ ಮುಚ್ಚಿಬಿಟ್ಟರು. ಅಷ್ಟರಲ್ಲಿ ಹಸ್ಮುಖಭಾಯಿಯ ಹೆಂಡತಿ ಮಜ್ಜಿಗೆ ತಂದರು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಲೋಟ ಇಡುವಾಗ ಸೆರಗು ಜಾರಿ, ಮಣಿಕಟ್ಟಿನಿಂದ ಮೇಲಕ್ಕೆ ಸುಕ್ಕುಗಟ್ಟಿದ ಚರ್ಮ ಕಂಡಿತು. ಇವರು ಮಜ್ಜಿಗೆಯನ್ನೇ ನೋಡಿದರು.

"ಓದಿದಿರಾ?" ಹಸ್ಮುಖಭಾಯಿ ಬಾಗಿಲಲ್ಲಿ ನಿಂತು ಕೇಳಿದರು.

ತಲೆಯಾಡಿಸಿದರು.

"ಪೂರ್ತಿ?"

ಮತ್ತೆ ತಲೆಯಾಡಿಸಿದರು. ಬಾಯಿಬಿಟ್ಟು ಸುಳ್ಳು ಹೇಳಿಲ್ಲವಲ್ಲ ಎಂದು ವಾಪಸ್ಸು ಬರುವ ರೈಲಿನಲ್ಲಿ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಮರುದಿನದಿಂದ ಪಾರ್ಕಿಂಗಿನಲ್ಲಿ ವಾಚನ ಶುರುವಾಯಿತು. ಬೆಕ್ಕಿನ ಸಂಸಾರವನ್ನು ರಟ್ಟಿನ ಡಬ್ಬಕ್ಕೆ ಸಾಗಿಸಿ, ಹಿಂದೆ ಟೀಚರಾಗಿದ್ದ ರುಕ್ಮಿಣಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಇಂಗ್ಲಿಷನ್ನು ಕನ್ನಡ ಮಾಡಿ ಓದುವುದು, ಇವರು ಚಾಸಿಯ ಕೆಳಗೆ ಮಲಗಿ ಕೇಳುವುದು.

"ಮೊದಲ ಪಾಠ, ಬೆಂಕಿ," ಎಂದರು ರುಕ್ಮಿಣಿ.

"ಅದು ಬಿಡು. ಎರಡನೇದರಿಂದ ಓದು."

"ಯಾಕ್ರೀ?"

"ಶುರುವಿಗೇ ಬೆಂಕಿನಾ? ಕೊನೆಗೆ ಓದಿದರಾಯ್ತು."

"ಕೊನೆಗೆ ಬೆಂಕಿ ಹಚ್ಚಿ ಮಂಗಳ ಹಾಡೋದಾ?"

ಅದೂ ಸರಿಯೇ. ಮಧ್ಯೆ ಎಲ್ಲಾದರೂ ಸೇರಿಸೋಣವೆಂದರೆ, ಮಧ್ಯದಲ್ಲಿ ಎಂಜಿನ್ ಕೂರಿಸುವ ಶುಭಕಾರ್ಯವಿತ್ತು. ಹಾಗಾಗಿ ಬೆಂಕಿಗೆ ಎಲ್ಲೂ ಜಾಗ ಸಿಗಲಿಲ್ಲ. ಉಳಿದದ್ದೆಲ್ಲ ಓದಿದ ಹಾಗೆ ಕೂಡಿಕೊಂಡಿತು. ಪೆಟ್ರೋಲ್ ಪೈಪಿನ ವಿಚಾರ ಮಾತ್ರ ಪುಸ್ತಕದಲ್ಲಿ 'ಹಿಂದೆ ಹೇಳಿದಂತೆ' ಎಂದಷ್ಟೇ ಇತ್ತು. ಚಾಸಿಯಲ್ಲೇ ಅದಕ್ಕೆ ಕ್ಲಿಪ್ಪುಗಳಿದ್ದವು. ಲಕ್ಷ್ಮೀನಾರಾಯಣರು ಕ್ಲಿಪ್ಪು ಇದ್ದ ಕಡೆ ಪೈಪು ಸಿಕ್ಕಿಸಿದರು.

ಭಾನುವಾರ ಮೂರೂವರೆಗೆ ಮುಹೂರ್ತ, ನಾಲ್ಕೂವರೆಗೆ ರಾಹುಕಾಲ. ಸೊಸೈಟಿಯವರು ಮೆಟ್ಟಿಲ ಮೇಲೆ ನಿಂತರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಕೀ ತಿರುಗಿಸಿದರೆ ಎಂಜಿನ್ ಕೆಮ್ಮಿ, ಉಗುಳಿ, ಹಿಡಿದುಕೊಂಡಿತು. ಜನ ಚಪ್ಪಾಳೆ ತಟ್ಟಿದರು. ರುಕ್ಮಿಣಿ ತಟ್ಟೆಯಲ್ಲಿ ಕರ್ಪೂರವಿಟ್ಟು ಬಾನೆಟ್ಟಿನ ಮುಂದೆ ಬಂದು ಕಡ್ಡಿಪೆಟ್ಟಿಗೆ ತೆಗೆದವರು ಹಾಗೇ ನಿಂತರು.

"ರೀ, ಪೆಟ್ರೋಲ್ ವಾಸನೆ."

"ಹೊಸ ಗಾಡಿ, ಇರುತ್ತೆ. ಬೇಗ ಆರತಿ ಮಾಡು."

ರುಕ್ಮಿಣಿ ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿ, ತಟ್ಟೆಯನ್ನು ಜಯಂತಿಭಾಯಿಯ ಕೈಗೆ ಕೊಟ್ಟು, ಸೀಟಿನ ಮೇಲಿದ್ದ ಪುಸ್ತಕ ಎತ್ತಿಕೊಂಡರು. "ಆಫ್ ಮಾಡಿ. ಈಗ ಓದ್ತೀನಿ, ಕೇಳಿ."

"ಈಗ ಅದನ್ನಾ? ಮುಹೂರ್ತದಲ್ಲಿ?"

"ಈಗಲೇ."

ಎಂಜಿನ್ ನಿಂತಿತು. ರುಕ್ಮಿಣಿ ತರಗತಿಯ ದನಿಯಲ್ಲಿ ಓದಿದರು: "ಚಾಸಿಯ ಮೇಲಿರುವ ಪೆಟ್ರೋಲ್ ಪೈಪಿನ ಕ್ಲಿಪ್ಪುಗಳು ತಪ್ಪು ಜಾಗದಲ್ಲಿವೆ. ಸೈಲೆನ್ಸರಿನ ಬಿಸಿಗೆ ಪೈಪಿನ ಜೋಡಣೆ ಸಡಿಲವಾಗಿ ತೊಟ್ಟಿಕ್ಕುತ್ತದೆ. ನನಗೆ ಗೊತ್ತಿರಲಿಲ್ಲ. ಮೊದಲ ದಿನ ಎಂಜಿನ್ ಶುರುವಾದ ಖುಷಿಯಲ್ಲಿ ಹೆಂಡತಿಯನ್ನು ಕೂಗಿ ಕರೆದೆ. ಅವಳು ಆರತಿ ತಟ್ಟೆ ಹಿಡಿದು ಬಂದು..."

ಅಲ್ಲಿಗೆ ದನಿ ನಿಂತಿತು.

ನಿಂತ ಜಾಗ ಎಂಥದ್ದೆಂದು ಲಕ್ಷ್ಮೀನಾರಾಯಣರಿಗೆ ಗೊತ್ತಾಯಿತು. ಮಜ್ಜಿಗೆಯ ಲೋಟ, ಜಾರಿದ ಸೆರಗು ಕಣ್ಣ ಮುಂದೆ ಬಂದವು. "ಅಲ್ಲಿ ನಿಲ್ಲಿಸಬೇಡ ರುಕ್ಕು. ಮುಂದೆ ಓದು," ಎಂದರು. ಕೊನೆಯ ಸಾಲಿನತನಕ ಕೇಳಿದರು. ಅದರಲ್ಲಿ ಮದುವೆಯೂ ಇರಲಿಲ್ಲ, ವರವೂ ಇರಲಿಲ್ಲ. ಪೈಪನ್ನು ಎಡಗಡೆಯಿಂದ ತರಬೇಕು ಎಂದಿತ್ತು, ಅಷ್ಟೆ.

ಆಮೇಲೆ ಕಾರಿನಡಿ ತೂರಿದರು. ಕ್ಲಿಪ್ಪಿನ ಪಕ್ಕ ಹಸಿ ಹಸಿಯಾಗಿತ್ತು. ಬ್ಯಾಟರಿ ತಂತಿ ಬಿಚ್ಚಿಟ್ಟು, ಪೈಪು ಕಳಚಿ, ಎಡಕ್ಕೆ ತಂದು, ಹೊಸದಾಗಿ ಬಿಗಿದು, ಒರೆಸಿ, ವಾಸನೆ ಹೋಗುವತನಕ ಕಾದರು. ಮೆಟ್ಟಿಲ ಮೇಲಿನವರು ಚಹಾ ಕುಡಿದು ಬಂದರು.

"ರಾವ್ ಸಾಹೇಬ್, ಸೂರ್ಯ ಇಳೀತಾ ಇದ್ದಾನೆ. ಗುಜರಿಯವನಿಗೆ ಹೇಳಲಾ?" ಎಂದರು ಜಯಂತಿಭಾಯಿ, ಕರ್ಪೂರದ ತಟ್ಟೆ ಹಿಡಿದುಕೊಂಡೇ.

ರುಕ್ಮಿಣಿ ಗಡಿಯಾರ ನೋಡಿ ಮೆಲ್ಲಗೆ, "ರಾಹುಕಾಲ ರೀ" ಎಂದರು.

"ಇರಲಿ. ಹತ್ತು."

ನಿಂಬೆಹಣ್ಣು ಅಪ್ಪಚ್ಚಿಯಾದವು. ಕಾರು ಬಿ ಬ್ಲಾಕ್ ದಾಟಿ, ನೀರಿನ ಟ್ಯಾಂಕು ಬಳಸಿ, ಎರಡು ಸಲ ಆಕ್ಷೇಪಿಸಿ, ಹೊರಟ ಜಾಗಕ್ಕೇ ಬಂದು ನಿಂತಿತು. ಜಯಂತಿಭಾಯಿ ತಟ್ಟೆಯನ್ನು ರುಕ್ಮಿಣಿಗೆ ಕೊಟ್ಟರು. ರುಕ್ಮಿಣಿ ಗೇಟಿನ ಹತ್ತಿರದ ಅಂಬಾಮಾತೆಯ ಗುಡಿಗೆ ನಡೆದುಹೋಗಿ, ಕಾರಿಗೆ ಬೆನ್ನು ಹಾಕಿ, ಕರ್ಪೂರ ಹಚ್ಚಿದರು.