ಒಳಗಿನ ಚಿಲಕ

ಕಚ್ಚುತ್ತಿಲ್ಲ, ಈ ಸ್ಕ್ರೂ ಮರವನ್ನು ಕಚ್ಚುತ್ತಲೇ ಇಲ್ಲ, ಸುಮ್ಮನೆ ಇದ್ದಲ್ಲೇ ಗಿರಗಿರ ಸುತ್ತುತ್ತಿದೆ, ನಮ್ಮ ಯಜಮಾನರ ಹಾಗೆ, ಅವರೂ ಬೆಳಿಗ್ಗೆಯಿಂದ ಹಾಲಿಗೂ ಅಡುಗೆಮನೆಗೂ ಸುತ್ತಿದ್ದೇ ಸುತ್ತಿದ್ದು, ಭಾನುವಾರ ಅಂತೆ, ರಜಾ ಅಂತೆ, ಯಾರಿಗಪ್ಪಾ ರಜಾ — ಈಗ ಬಂದು ಟಾರ್ಚು ಹಿಡಿದು ನಿಂತಿದ್ದಾರೆ, ಅದನ್ನು ಹಿಡಿಯುವುದಕ್ಕೂ ಬರುವುದಿಲ್ಲ, ಬೆಳಕೆಲ್ಲ ನನ್ನ ಕಿವಿಯ ಮೇಲೆ, ಅಲ್ಲರೀ, ಸ್ಕ್ರೂ ನನ್ನ ಕಿವಿಯಲ್ಲಿದೆಯಾ, ಓ ಸಾರಿ ಸಾರಿ, ಅಂದು ಬೆಳಕನ್ನು ತಂದು ನೇರ ನನ್ನ ಕಣ್ಣಿಗೇ ಬಿಟ್ಟರು, ಮಹಾನುಭಾವರು. ಬಡಗೀನ ಕರೆಸಿದ್ದರೆ ಆಗ್ತಿತ್ತಲ್ಲೇ. ಬಡಗಿ! ಹೋದ ಸಲ ಅಡುಗೆಮನೆ ಬಾಗಿಲು ಸರಿಮಾಡಲು ಬಂದನಲ್ಲ ಆ ಬಡಗಿ, ನಾನು ತೋರಿಸಿದ್ದನ್ನೆಲ್ಲ ಬಿಟ್ಟು ಇವರ ಮುಖ ನೋಡಿ, ಸಾರ್, ಮೇಡಂಗೆ ಇದೆಲ್ಲ ಗೊತ್ತಾಗಲ್ಲ ಸಾರ್ ಅಂದ, ಸಾರು ಗಂಭೀರವಾಗಿ ತಲೆಯಾಡಿಸಿದರು, ಸಾರಿಗೆ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಅನ್ನುವುದು ಗೊತ್ತಿದ್ದರೆ ಅದೇ ದೊಡ್ಡದು, ಅವನು ಅಂಚು ಕೆತ್ತಿ ಹೋದ ಮೇಲೆ ಬೆಕ್ಕು ಬಾಲ ಎತ್ತಿಕೊಂಡೇ ಒಳಗೆ ಬರುವಷ್ಟು ಸಂದು, ಕೊನೆಗೆ ಹಲಗೆಯ ತುಂಡು ಕೂರಿಸಿ ಮುಚ್ಚಿದವಳು ನಾನು, ಈ ಮನೆಯಲ್ಲಿ ನಾನು ಮುಚ್ಚದ ಸಂದು ಯಾವುದಿದೆ, ನಲ್ಲಿ ಸೋರಿದರೆ ನಾನು, ಕುರ್ಚಿಯ ಕಾಲು ಅಲ್ಲಾಡಿದರೆ ನಾನು, ವಾರವಿಡೀ ಫ್ಯಾಕ್ಟರಿಯಲ್ಲಿ ಪಿಂಗಾಣಿ ಕಪ್ಪುಗಳನ್ನು ಬೆರಳಲ್ಲಿ ತಟ್ಟಿ ತಟ್ಟಿ, ಇದು ಸರಿ, ಇದು ಬಿರುಕು, ಇದು ಆಚೆಗೆ, ಎಂದು ಆರಿಸಿ ಬಂದ ಕೈಗೆ ಭಾನುವಾರ ಸುತ್ತಿಗೆ.

ಸ್ಕ್ರೂ ಕಚ್ಚದಿರುವುದು ಯಾಕೆಂದು ನನಗೆ ಗೊತ್ತು, ಮಗಳ ರೂಮಿನ ಈ ಬಾಗಿಲಲ್ಲಿ ಹಳೆಯ ಚಿಲಕದ ತೂತುಗಳಿವೆ, ಮುಚ್ಚಿದ ತೂತುಗಳು, ಮುಚ್ಚಿದ್ದೂ ನಾನೇ — ಮಗಳು ಆಗ ಮಂಚ ಹಿಡಿದು ನಿಲ್ಲುವಷ್ಟಿದ್ದಳು, ಬಾಗಿಲ ಕೆಳಭಾಗದ ಚಿಲಕ ಎಳೆದುಕೊಂಡು ಒಳಗೇ ಸಿಕ್ಕಿಹಾಕಿಕೊಂಡು ಕಿರುಚಿ ಕಿರುಚಿ ನೀಲಿಗಟ್ಟಿದ್ದಳು, ಇವರು ಆಚೆ ನಿಂತು ಪುಟ್ಟೀ ಪುಟ್ಟೀ ಅಂತ ಬಾಗಿಲಿಗೆ ಮುತ್ತು ಕೊಡುವುದೊಂದು ಬಾಕಿ, ನಾನು ಸಂದಿನಲ್ಲಿ ಉಳಿ ತೂರಿಸಿ ಕೀಲು ಕಿತ್ತು ಬಾಗಿಲನ್ನೇ ಇಳಿಸಿ ಅವಳನ್ನು ಎತ್ತಿಕೊಂಡೆ, ಅವತ್ತೇ ಎಲ್ಲ ರೂಮುಗಳ ಒಳಚಿಲಕ ಕಿತ್ತೆ, ಮರದ ಪುಡಿಗೆ ಅಂಟು ಕಲಸಿ ತೂತಿಗೆ ತುಂಬಿ ಉಜ್ಜಿ ಬಣ್ಣ ಹಚ್ಚಿದೆ, ಯಾರಾದರೂ ಹುಡುಕಲಿ ನೋಡೋಣ ಅನ್ನುವ ಹಾಗೆ. ಅಂದಿನಿಂದ ನಮ್ಮ ಮನೆಯಲ್ಲಿ ಬಚ್ಚಲು ಬಿಟ್ಟರೆ ಯಾವ ರೂಮಿಗೂ ಒಳಗಿನಿಂದ ಚಿಲಕವಿಲ್ಲ, ಬಂದ ನೆಂಟರು ಸೀರೆ ಬದಲಿಸಬೇಕಾದರೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ನಾದಿನಿ ಅಂದಳು, ಅತ್ತಿಗೆ, ನಿಮ್ಮದು ಮನೆನೋ ರೈಲ್ವೆ ಸ್ಟೇಷನ್ನೋ, ಅನ್ನಲಿ, ಅವಳ ಮನೆಯ ಚಿಲಕಗಳ ಚಂದ ನಾನು ನೋಡಿಲ್ಲವೇ, ತಗಡು. ಈ ಹುಡುಗಿ ತಂದಿದ್ದೂ ತಗಡೇ, ಕಾಲೇಜಿಂದ ಬರುವಾಗ ಯಾವುದೋ ಅಂಗಡಿಯಲ್ಲಿ ಕೊಂಡಿದ್ದಂತೆ, ಕೈಯಲ್ಲಿ ಹಿಡಿದರೆ ಬಾಗುತ್ತದೆ, ಅದನ್ನು ಬಾಗಿಲಿಗೆ ಒತ್ತಿ ಹಿಡಿದು ತರಕಾರಿ ಹೆಚ್ಚುವ ಚಾಕುವಿನ ತುದಿಯಿಂದ ಸ್ಕ್ರೂ ತಿರುಗಿಸುತ್ತ ಕೂತಿದ್ದಳು, ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು, ಏಳೆ, ಅದೇನು ಸೌತೆಕಾಯಾ. ನಾನೇ ಹಾಕ್ಕೋತೀನಮ್ಮ, ನೀನು ಬೇಡ. ನೀನು ಹಾಕಿಕೊಳ್ಳುವ ಚಂದ ನೋಡಿದ್ದೀನಲ್ಲ, ಗೋಡೆಗೆ ಪುಸ್ತಕದ ಹಲಗೆ ಹೊಡೆದುಕೊಂಡಿದ್ದಳು, ಎಡಕ್ಕೆ ವಾಲಿ, ಪುಸ್ತಕವೆಲ್ಲ ತಿರುವಿನಲ್ಲಿ ಬಸ್ಸಿನ ಜನದ ಹಾಗೆ ಒಬ್ಬರ ಮೇಲೊಬ್ಬರು, ಅವಳು ಕಾಲೇಜಿಗೆ ಹೋದಾಗ ಕಿತ್ತು ರಸಮಟ್ಟ ಇಟ್ಟು ನೋಡಿ ಮತ್ತೆ ಹೊಡೆದೆ, ಅದರ ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವಿಗೆ ಬಂದು ನಿಂತಿತು, ಬಂದು ನೋಡಿದಳು, ಪುಸ್ತಕಗಳನ್ನೆಲ್ಲ ಇಳಿಸಿ ನೆಲದ ಮೇಲೆ ಪೇರಿಸಿದಳು, ಇವತ್ತಿಗೂ ನೆಲದ ಮೇಲೇ ಇವೆ, ಹಲಗೆ ಖಾಲಿ, ಎಷ್ಟು ನೆಟ್ಟಗಿದೆ ಆದರೂ, ಕೊಬ್ಬು ಅನ್ನದೆ ಇದಕ್ಕೆ ಇನ್ನೇನು ಅನ್ನಬೇಕು.

ಹಳೆ ತೂತು ಬೇಡ, ಒಂದು ಗೇಣು ಮೇಲೆ ಹೋಗೋಣ, ಅಲ್ಲಿ ಗಟ್ಟಿ ಮರವಿದೆ, ಪೆನ್ಸಿಲು ಕೊಡಿ, ಅದಲ್ಲರೀ, ಅದು ಪೆನ್ನು. ಅವಳ ತಗಡನ್ನು ಕಸದ ಬುಟ್ಟಿಗೆ ಎಸೆದು ನನ್ನ ಪೆಟ್ಟಿಗೆಯಿಂದ ಹಿತ್ತಾಳೆಯ ಚಿಲಕ ತೆಗೆದೆ, ಅವತ್ತು ಇದೇ ಬಾಗಿಲಿನಿಂದ ಕಿತ್ತದ್ದು, ಒಳ್ಳೆಯ ಸಾಮಾನನ್ನು ನಾನು ಎಸೆಯುವವಳಲ್ಲ. ಡ್ರಿಲ್ಲು ಗುಂಯ್ ಅನ್ನುತ್ತದೆ, ಬಿಸಿ ಮರದ ವಾಸನೆ, ಪುಡಿ ಮೂಗಿಗೆ, ಇವರು ಸೀನಿದರು, ಪುಡಿ ಹೋಗಿದ್ದು ನನ್ನ ಮೂಗಿಗೆ, ಸೀನಿದ್ದು ಅವರು. ಮಗಳು ಮಂಚದ ಮೇಲೆ ಮೊಣಕಾಲು ಅಪ್ಪಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದಾಳೆ, ಒಳಗಿನಿಂದ ಚಿಲಕ ಹಾಕಿಕೊಂಡು ಮಾಡುವ ಘನಂದಾರಿ ಕೆಲಸ ಏನೇ ಅಂತ ಕೇಳಿದೆ. ಏನಿಲ್ಲ. ಏನೂ ಇಲ್ಲದ್ದಕ್ಕೆ ಚಿಲಕ ಯಾಕೆ. ಸುಮ್ನೆ. ಸುಮ್ನೆಯಂತೆ — ಫೋನು, ಇನ್ನೇನು, ಯಾವನೋ ಒಬ್ಬ ತಲೆ ಬಾಚದವನು ಅಂಗೈಯಷ್ಟು ಪರದೆಯಲ್ಲಿ ಹಲ್ಲು ಕಿರಿಯುತ್ತಿರಬೇಕು, ಅಥವಾ ಇವರ ಕಾಟಕ್ಕೆ, ಚಾರ್ಜರ್ ಇದೆಯಾ ಪುಟ್ಟಿ, ಕನ್ನಡಕ ನೋಡಿದ್ಯಾ ಪುಟ್ಟಿ ಅಂತ ಗಳಿಗೆಗೊಮ್ಮೆ ನುಗ್ಗುತ್ತಾರಲ್ಲ, ಹೌದು, ಇವರಿಗೆ ಹೆದರಿಯೇ ಇರಬೇಕು, ಯಾರಿಗಾದರೂ ಸಾಕಾಗಿ ಹೋಗುತ್ತದೆ, ನನಗೇ ಸಾಕಾಗಿದೆ. ಕಚ್ಚಿತು, ಈಗ ಕಚ್ಚಿತು ನೋಡಿ, ಹೀಗೆ ಹೋಗಬೇಕು ಸ್ಕ್ರೂ.

ಕೆಳಗೆ ಪುಡಿ ಬಿದ್ದಿದೆ, ಬಳಿಯಲು ಯಾರು ಬರುತ್ತಾರೆ, ಕುಕ್ಕರಗಾಲಲ್ಲಿ ಕೂತು ಪೊರಕೆ ಎಳೆದೆ, ಪುಡಿ ಸರಿದಲ್ಲಿ ಗೆರೆ. ಕಪ್ಪು ನೆಲದ ಮೇಲೆ ಬಿಳಿ ಗೆರೆಗಳು, ಕಿಟಕಿಯ ಹತ್ತಿರ ಅವಳ ಓದುವ ಮೇಜಿದೆಯಲ್ಲ, ಅದರ ಕಾಲಿನ ಬುಡದಿಂದ ಹೊರಟು ಬಾಗಿ ಬಾಗಿಲವರೆಗೆ, ಒಂದರ ಮೇಲೊಂದು, ಹಳೆಯವು ಕೊಳೆ ತುಂಬಿ ಮಂಕಾಗಿವೆ, ಮೇಲಿನವು ಹೊಸವು, ಬಿರುಕು ನೋಡುವ ಕಣ್ಣಿದು, ಇದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದ್ಯಾರೇ ಮೇಜು ಎಳೆದಿದ್ದು, ಎತ್ತಿಡೋಕೆ ಆಗಲ್ವಾ, ಕಾಲಿಗೆ ರಬ್ಬರು ಹಾಕಿಕೊಡು ಅಂದಿದ್ದರೆ ನಾನು ಹಾಕುತ್ತಿರಲಿಲ್ಲವಾ, ನೆಲ ಪೂರ್ತಿ ಹಾಳು. ಮಾತಾಡಿದವರು ಇವರು, ಸುಮ್ಮನಿರಲು ಬಂದಿದ್ದರೆ ತಾನೇ, ಅಯ್ಯೋ ಅದಾ, ಕೆಳಗಿನ ಮನೆಯವರೂ ಕೇಳ್ತಿದ್ರು ಕಣೆ, ದಿನಾ ಸಂಜೆ ಅದೇನ್ರೀ ಎಳೀತೀರಾ ಅಂತ, ನಿನ್ನ ಸ್ಕೂಟರು ಗೇಟಿಗೆ ಬಂತು ಅಂದ್ರೆ ಇವಳು ಮೇಜು ತಂದು ಬಾಗಿಲಿಗೆ ಒತ್ತಿಡ್ತಾಳೆ, ನಾನೇ ಅಂದೆ, ಒಂದು ಚಿಲಕ ತಂದು ಹಾಕ್ಕೊಂಬಿಡು ಪುಟ್ಟಿ, ನೆಲ ಹಾಳಾದ್ರೆ ಅಮ್ಮ ಬೈತಾಳೆ. ಅಪ್ಪಾ, ಅಂದಳು ಅವಳು. ಅಷ್ಟೇ. ಟಾರ್ಚಿನ ಬೆಳಕು ಗೋಡೆಗೆ ಹೋಯಿತು.

ಈ ಮನುಷ್ಯನಿಗೆ ತಾನು ಏನು ಹೇಳಿದೆ ಅನ್ನುವುದೂ ಗೊತ್ತಿಲ್ಲ, ಗೊತ್ತಿದೆ, ಗೊತ್ತಾಗಿಯೇ ಬೆಳಕು ತಿರುಗಿಸಿದ್ದು. ನನ್ನ ಸ್ಕೂಟರಿನ ಸದ್ದಿಗೆ. ಸಂಜೆ ಮಾತ್ರ ಬಿಗಿಯಾಗುತ್ತಿತ್ತು ಈ ಬಾಗಿಲು, ಬೆಳಿಗ್ಗೆ ಸಲೀಸು, ಮರ ಉಬ್ಬಿದೆ ಅಂದುಕೊಂಡೆ, ಸಂಜೆಯ ತೇವಕ್ಕೆ ಉಬ್ಬುತ್ತದೆ ಅಂದುಕೊಂಡೆ, ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಉಜ್ಜಿ ನನ್ನ ಹೆಬ್ಬೆರಳೇ ಸವೆಯಿತು, ಆದರೂ ಸಂಜೆ ಬಂದರೆ ಬಿಗಿ, ಆಗ ಭುಜ ಕೊಟ್ಟು ಒಂದು ಸಲ ಒತ್ತುತ್ತಿದ್ದೆ, ಗರಕ್ ಅಂತ ಬರುತ್ತಿತ್ತು, ಕೀಲಿನ ಸದ್ದು ಅಂದುಕೊಂಡು ಎಣ್ಣೆ ಬಿಟ್ಟೆ — ಒಳಗೆ ಹೋದರೆ ಮೇಜು ಅಡ್ಡಾದಿಡ್ಡಿ ನಿಂತಿರುತ್ತಿತ್ತು, ಸಾಮಾನು ಇಡುವ ಚಂದ ನೋಡು, ಅನ್ನುತ್ತಿದ್ದೆ, ಆ ಹೊದಿಕೆ ಯಾಕೆ ಹಾಗಿದೆ, ಬೆನ್ನು ನೆಟ್ಟಗಿಟ್ಟುಕೊಂಡು ಕೂರು, ಇದು ಸರಿಯಿಲ್ಲ, ಅದು ಆಚೆಗೆ. ಈಗ ಕಾಣುತ್ತಿದೆ, ಬಾಗಿ ಬಂದ ಉದ್ದ ಗೆರೆಗಳು ಬಾಗಿಲ ಹತ್ತಿರ ಮುಗಿಯುತ್ತವೆ, ಅಲ್ಲಿಂದ ಬೇರೆ ಗೆರೆಗಳು ಶುರು, ಗಿಡ್ಡ, ನೇರ, ಬಾಗಿಲಿನಿಂದ ಒಳಕ್ಕೆ, ಇವು ಎಳೆದವಲ್ಲ, ತಳ್ಳಿದವು, ಉದ್ದದವಕ್ಕಿಂತ ಆಳ, ಇವು ಅವಳವಲ್ಲ.

ಕೆಲಸ ಅರ್ಧಕ್ಕೆ ಬಿಡುವ ಜಾತಿಯಲ್ಲ ನಾನು. ಚೌಕಟ್ಟಿನಲ್ಲಿ ಚಿಲಕದ ಕಡ್ಡಿಗೆ ತೂತು ಕೊರೆದೆ, ಉಳಿಯಿಂದ ಅಂಚು ಬಿಡಿಸಿದೆ, ಹಾಕಿ ತೆಗೆದು ಹಾಕಿ ತೆಗೆದು ನೋಡಿದೆ, ಬೇಕೆಂದೇ ಒಂದು ಸ್ಕ್ರೂ ಸಡಿಲ ಬಿಟ್ಟರೆ, ಅಂತ ಮನಸ್ಸಿಗೆ ಬಂತು, ಬಂದಿದ್ದು ಸುಳ್ಳಲ್ಲ, ಕೈ ಒಪ್ಪಲಿಲ್ಲ, ಕೈ ಬಿಗಿಯಾಗಿಯೇ ತಿರುಗಿಸಿತು. ಆಚೆ ಬಂದೆ, ಹಾಕು ನೋಡೋಣ ಅಂದೆ. ಬಾಗಿಲು ಬಂತು, ಕಡ್ಡಿ ಸರಿಯಿತು, ಬೆಣ್ಣೆಯಲ್ಲಿ ಸರಿದ ಹಾಗೆ, ಸದ್ದೇ ಇಲ್ಲ. ಸರಿಯಾಗಿ ಕೂತ್ಕೊಂತೇನೇ ಚಿಲಕ. ಹೂಂ. ಹೂಂ ಅಂದಳು, ಆ ಕಡೆಯಿಂದ. ಗಟ್ಟಿಯಿದೆಯಾ ನೋಡಬೇಕಲ್ಲ, ಮಾಡಿದ ಮೇಲೆ ನೋಡಬೇಕು, ಭುಜ ಕೊಟ್ಟೆ, ಯಾವಾಗಿನ ಹಾಗೇ ಒತ್ತಿದೆ, ಬಾಗಿಲು ಕೂದಲೆಳೆಯಷ್ಟೂ ಕದಲಲಿಲ್ಲ, ಒಳ್ಳೆಯ ಕೆಲಸ, ಯಾವ ಬಡಗಿ ಮಾಡುತ್ತಾನೆ ಹೀಗೆ, ಬಡಗಿಯಂತೆ ಬಡಗಿ, ಇವರು ಹಿಂದಿನಿಂದ ಸಾಕು ಬಾರೇ ಅನ್ನುತ್ತಿದ್ದಾರೆ, ಟಾರ್ಚು ಇನ್ನೂ ಆರಿಸಿಲ್ಲ, ಹಗಲಲ್ಲಿ, ಶೆಲ್ಲು ದಂಡ, ಭುಜ ಇನ್ನೂ ಬಾಗಿಲಿಗೇ ಇದೆ, ತೆಗೆಯಬೇಕು, ತೆಗೆಯುತ್ತೇನೆ, ಆ ಗಿಡ್ಡ ಗೆರೆಗಳು, ನೆಲ ಉಜ್ಜಿ ಪಾಲಿಶ್ ಹೊಡೆದರೆ ಉದ್ದದವು ಹೋಗುತ್ತವೆ, ಆಳದವು ಹೋಗುವುದಿಲ್ಲ, ಬಾಗಿಲಿನಿಂದ ಒಳಕ್ಕೆ, ಮೇಜಿನ ಕಾಲಿಗೊಂದರಂತೆ, ಗಿಡ್ಡ, ನೇರ, ಬಿಳಿ —