ಕಣ್ಣಿನಿಂದ ನುಂಗುವ ಪ್ರಾಣಿ

ಚಮಚದ ಸಾರಿನ ತಿಳಿ ನಾಲಿಗೆ ಮುಟ್ಟಿದ್ದೇ ತಡ, ಪುಂಡರೀಕಾಕ್ಷರ ಎರಡೂ ಕಣ್ಣುಗಳು ಗಟ್ಟಿಯಾಗಿ ಮುಚ್ಚಿಕೊಂಡವು. ರೆಪ್ಪೆಯಡಿ ಗುಡ್ಡೆಗಳು ಒಳಕ್ಕೆ ಇಳಿದಂತೆ ಕಂಡವು. ಆಮೇಲೆ ಮೆಲ್ಲಗೆ ತೆರೆದುಕೊಂಡವು. ಕೆಮ್ಮಲಿಲ್ಲ, ಉಗುಳಲಿಲ್ಲ. ಬಗ್ಗಿ ನೋಡಿದರೆ ಬಾಯಿ ಖಾಲಿ.

"ನುಂಗಿದ್ರಿ!" ಹೆಂಡತಿ ವಾರಿಜಾ ಚಮಚ ಹಿಡಿದುಕೊಂಡೇ ಎದ್ದು ನಿಂತರು. "ನೋಡಿ, ನುಂಗಿದ್ರಿ ನೀವು. ಆ ಡಾಕ್ಟ್ರಿಗೆ ಎಂತ ಗೊತ್ತುಂಟು?"

ಪುಂಡರೀಕಾಕ್ಷರು ಉತ್ತರ ಕೊಡುವಂತಿರಲಿಲ್ಲ. ಮಳೆಗಾಲ ಶುರುವಾಗುವಾಗ ಹೊಡೆದ ಲಕ್ವ ಅವರ ಮಾತು, ಬಲಗೈ, ನುಂಗುವ ಶಕ್ತಿ ಎಲ್ಲವನ್ನೂ ಒಟ್ಟಿಗೇ ಕೊಂಡೊಯ್ದಿತ್ತು. ಈಗ ಮೂಗಿಗೆ ಹಾಕಿದ ನಳಿಕೆಯಲ್ಲಿ ಹೊತ್ತು ಹೊತ್ತಿಗೆ ಪುಡಿ ಕಲಸಿದ ನೀರು, ಅಷ್ಟೇ ಊಟ. ತುರ್ಭೆ ಮಾರ್ಕೆಟ್ಟಿನ ತಮ್ಮ ಹೋಟೆಲಿನಲ್ಲಿ ಜೀವಮಾನವಿಡೀ ಹಮಾಲರಿಗೆ ಹೊಟ್ಟೆ ತುಂಬ ಬಡಿಸಿದ ಮನುಷ್ಯ. ಬೆಳಗ್ಗೆ ಸಾಂಬಾರನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ ನೋಡದೆ ಶಟರ್ ಎತ್ತಿದವರಲ್ಲ. ಅಂಥವರು ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದರು. ಅದನ್ನು ನೋಡಲಾಗದೆ ವಾರಿಜಾ ಒಗ್ಗರಣೆ ಹಾಕುವುದನ್ನೇ ಬಿಟ್ಟಿದ್ದರು.

ಬಾಯಿಗೆ ಒಂದು ಹನಿ ನೀರನ್ನೂ ಹಾಕಕೂಡದು, ಹಾಕಿದರೆ ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ, ಕೆಮ್ಮಲಿಕ್ಕೂ ಇವರಿಗೆ ತ್ರಾಣವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೆ ವಾರಿಜಾ ಡೊಂಬಿವಲಿಯ ಜೂನಿಯರ್ ಕಾಲೇಜಿನಲ್ಲಿ ನಿವೃತ್ತಿಯ ತನಕ ಪ್ರಾಣಿಶಾಸ್ತ್ರ ಕಲಿಸಿದವರು. ಯಾರೋ ಹೇಳಿದರೆಂದು ಸುಮ್ಮನೆ ತಲೆಯಾಡಿಸುವ ಜಾಯಮಾನ ಅವರದಲ್ಲ.

ಕಪ್ಪೆ ಅವರ ಮೆಚ್ಚಿನ ಪಾಠವಾಗಿತ್ತು. ಮೇಣದ ತಟ್ಟೆಯಲ್ಲಿ ಮಲಗಿಸಿದ ಕಪ್ಪೆಯ ಬಾಯಿ ಅಗಲಿಸಿ ಮಕ್ಕಳಿಗೆ ತೋರಿಸುತ್ತಿದ್ದರು. ಹಲ್ಲು ಮೇಲಿನ ದವಡೆಯಲ್ಲಿ ಮಾತ್ರ. ಅದೂ ಹಿಡಿದುಕೊಳ್ಳಲಿಕ್ಕೆ, ಅಗಿಯಲಿಕ್ಕಲ್ಲ. ನಾಲಿಗೆಯ ಬುಡ ಇರುವುದು ಬಾಯಿಯ ಮುಂದುಗಡೆ. ಅಂಗುಳಿನಲ್ಲಿ ಎರಡು ಉಬ್ಬು ಕಾಣುತ್ತವಲ್ಲ, ಅವು ಕಣ್ಣುಗುಡ್ಡೆಗಳು. ನಡುವೆ ಎಲುಬೇ ಇಲ್ಲ. ಹುಳ ಬಾಯಿಗೆ ಬಿದ್ದರೆ ಕಪ್ಪೆ ಕಣ್ಣು ಮುಚ್ಚಿ, ಗುಡ್ಡೆಗಳನ್ನು ಒಳಕ್ಕೆಳೆದು, ಅವುಗಳಿಂದಲೇ ತುತ್ತನ್ನು ಗಂಟಲಿಗೆ ನೂಕುತ್ತದೆ. ಕಣ್ಣು ಇಳಿಯಿತೆಂದರೆ ತುತ್ತು ಇಳಿಯಿತೆಂದೇ ಲೆಕ್ಕ ಎಂದು ವಾರಿಜಾ ಪ್ರತಿ ವರ್ಷ ಹೇಳುತ್ತಿದ್ದರು.

ಮನುಷ್ಯ ಕಪ್ಪೆಯಲ್ಲವೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಗಂಡನ ಕಣ್ಣು ಇಳಿದದ್ದನ್ನು ಕಂಡಾಗ ಅವರಿಗೆ ನೆನಪಾದದ್ದು ಆ ತಟ್ಟೆಯೇ.

ಮಹಾಪೆಯ ಆಫೀಸಿನಿಂದ ಬಂದ ಮಗಳು ಶ್ರೀಪ್ರಿಯಾಗೆ ಬಾಗಿಲಲ್ಲೇ ಇಂಗಿನ ವಾಸನೆ ಬಡಿಯಿತು. ಅಮ್ಮನಿಗೆ ಹುಚ್ಚು ಹಿಡಿಯಿತೇ ಎಂದು ಚಪ್ಪಲಿ ಬಿಚ್ಚದೆ ಒಳಗೆ ಓಡಿದಳು.

"ಅಮ್ಮಾ, ಪಾಗಲ್ ಹೋ ಗಯೀ ಹೋ ಕ್ಯಾ? ಡಾಕ್ಟರ್ ಸಾಫ್ ಬೋಲೇ ಥೇ ನಾ!"

"ಕೂಗ್ಬೇಡ ಮಾರಾಯ್ತಿ. ಇಲ್ಲಿ ಬಾ, ಅಪ್ಪನ ಕಣ್ಣು ನೋಡು."

ಇನ್ನೊಂದು ಚಮಚ ಒಳಗೆ ಹೋಯಿತು. ಕಣ್ಣು ಮುಚ್ಚಿತು, ಇಳಿಯಿತು, ತೆರೆಯಿತು. ಎಡಗೈ ಹಾಸಿಗೆಯ ಬಟ್ಟೆಯನ್ನು ಹಿಂಡಿ ಹಿಡಿದಿತ್ತು.

"ಕಂಡಿತಾ? ಕೈ ನೋಡು, ಇನ್ನೂ ಬೇಕಂತೆ ಅವ್ರಿಗೆ."

ಶ್ರೀಪ್ರಿಯಾ ಅಪ್ಪನನ್ನೇ ನೋಡುತ್ತಾ ನಿಂತಳು. ನಂಬಬೇಕೆಂಬ ಆಸೆ ಅವಳಿಗೂ ಇತ್ತು, ಪಾಪ. "ಥೋಡಾಸಾ ಹೀ ದೇನಾ ಹಾಂ, ಅಮ್ಮಾ," ಎಂದು ಸ್ವಲ್ಪವೇ ಕೊಡಲು ಹೇಳಿ ಮುಖ ತೊಳೆಯಲು ಹೋದಳು.

ಆ ವಾರ ಮನೆಯಲ್ಲಿ ಹಬ್ಬ. ಸಾರಿನ ತಿಳಿ ಹೋಗಿ ಗಂಜಿ ಬಂತು, ಗಂಜಿಯ ಹಿಂದೆ ತೆಳ್ಳಗಿನ ಹೆಸರುಬೇಳೆ ಪಾಯಸ ಬಂತು. ವಾರಿಜಾ ಒಗ್ಗರಣೆ ಸೌಟು ಹಿಡಿದು ಹಾಡು ಗುನುಗಿದರು. ತುರ್ಭೆಯ ಹೋಟೆಲಿನ ಹುಡುಗರು ಈಗ ಮಾಡುವ ಸಾಂಬಾರನ್ನು ಬೈದು ಗಂಡನನ್ನು ನಗಿಸಲು ನೋಡಿದರು. ಅವರು ನಗಲಿಲ್ಲ. ಎರಡು ಸಲ ತುಟಿ ಬಿಗಿಹಿಡಿದಾಗ "ಇದೆಂತ ಮಕ್ಕಳಾಟ?" ಎಂದು ವಾರಿಜಾ ಚಮಚದ ತುದಿಯಿಂದ ಬಿಡಿಸಿದರು. ಗಂಡ ತಿನ್ನುತ್ತಿದ್ದಾರೆಂಬ ಸಂತೋಷ ಅವರ ಕಣ್ಣನ್ನೇ ಕಟ್ಟಿಬಿಟ್ಟಿತ್ತು.

ಆಮೇಲೆ ಜ್ವರ ಬಂತು. ಎದೆಯೊಳಗೆ ನೀರು ಕುದಿಯುವಂಥ ಸದ್ದು. ಕಲ್ಯಾಣದ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದರು. ಕಪ್ಪಗೆ ಕಾಣಬೇಕಾದ ಬಲಗಡೆಯ ಶ್ವಾಸಕೋಶ ಬೆಳ್ಳಗಾಗಿತ್ತು.

"ಬಾಯಿಗೆ ಏನಾದರೂ ಕೊಟ್ಟಿದ್ದೀರಾ?" ಎಂದು ಅವರು ಹಿಂದಿಯಲ್ಲಿ ಕೇಳಿದರು.

ಶ್ರೀಪ್ರಿಯಾ ಅಮ್ಮನ ಕಡೆ ತಿರುಗಿದಳು.

"ಸಾರು," ಎಂದರು ವಾರಿಜಾ. "ಗಂಜಿ. ಪಾಯಸ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಉಳಿಯುವುದು ಕಷ್ಟ ಎಂದಷ್ಟೇ ಹೇಳಿ ಮುಂದಿನ ಹಾಸಿಗೆಗೆ ಹೋದರು.

ಎದೆಯಲ್ಲಿ ಕಟ್ಟಿದ್ದನ್ನು ಹೀರಿ ತೆಗೆಯಲು ಸಿಸ್ಟರ್ ಸಪೂರ ನಳಿಕೆಯೊಂದನ್ನು ಪುಂಡರೀಕಾಕ್ಷರ ಗಂಟಲೊಳಗೆ ಇಳಿಸಿದಳು. ಯಂತ್ರ ಗೊರಗೊರ ಎಂದಿತು. ಅವರ ಎರಡೂ ಕಣ್ಣುಗಳು ಗಟ್ಟಿಯಾಗಿ ಮುಚ್ಚಿಕೊಂಡವು. ರೆಪ್ಪೆಯಡಿ ಗುಡ್ಡೆಗಳು ಒಳಕ್ಕೆ ಇಳಿದವು. ಎಡಗೈ ಹಾಸಿಗೆಯ ಬಟ್ಟೆಯನ್ನು ಹಿಂಡಿ ಹಿಡಿಯಿತು. ಬಾಯಲ್ಲಿ ನುಂಗುವುದಕ್ಕೆ ಏನೂ ಇರಲಿಲ್ಲ.

"ಬಹುತ್ ತಕ್ಲೀಫ್ ಹೋತಾ ಹೈ ಇಸ್ ಮೇ," ಎಂದಳು ಸಿಸ್ಟರ್, ಇದರಲ್ಲಿ ತುಂಬ ನೋವಾಗುತ್ತದೆಂದು. "ಆಂಟೀ, ಆಪ್ ಬಾಹರ್ ಬೈಠೋ."

ವಾರಿಜಾ ಹೊರಗೆ ಹೋಗಲಿಲ್ಲ. ಹಾಸಿಗೆಯ ಸರಳು ಹಿಡಿದು ನಿಂತರು. ನಳಿಕೆ ಹೊರಗೆ ಬಂದ ಮೇಲೆ ಗಂಡನ ಕಣ್ಣು ಮೆಲ್ಲಗೆ ತೆರೆದು ಅವರನ್ನೇ ನೋಡಿತು. ಸಿಸ್ಟರ್ ನಳಿಕೆಯನ್ನು ಒರೆಸಿ ಮತ್ತೆ ಬಾಯಿಯ ಹತ್ತಿರ ತಂದಳು. ಪುಂಡರೀಕಾಕ್ಷರು ತುಟಿ ಬಿಗಿಹಿಡಿದರು.