ಮೊಣಕಾಲೆತ್ತರದ ಬೆಳಕು

ಅವರು ಬೀದಿಯಲ್ಲಿ ನಡೆದು ಬರುವಾಗಲೂ ಬಲಗೈ ಮೊಣಕಾಲಿನ ಬಳಿಯೇ ತೂಗುತ್ತಿತ್ತು. ಬೆನ್ನು ಅತ್ತ ಬಾಗಿ, ಕಾಣದ ಮಗುವೊಂದರ ಕೈ ಹಿಡಿದು ನಡೆಸುತ್ತಿರುವಂತೆ ತೋರುತ್ತಿತ್ತು. ಕಂದು ಕೋಟಿನ ಬಲ ಅಂಚಿನುದ್ದಕ್ಕೂ ಮೇಣದ ಕಲೆ. ಮನೆಯ ನೆಲಮಾಳಿಗೆಯಲ್ಲಿ ವೈನು ಮಾಡುತ್ತಿದ್ದ ಅವರಿಗೆ ಬೀದಿಯವರು ‘ಬತ್ತಿಯಜ್ಜ’ ಎಂದು ಹೆಸರಿಟ್ಟಿದ್ದರು. ಹುದುಗೇಳುವ ದ್ರಾಕ್ಷಿರಸ ಉಸಿರು ಬಿಡುತ್ತದೆ. ಆ ಉಸಿರು ನಮ್ಮ ಉಸಿರಿಗೆ ಶತ್ರು. ಭಾರವಾದ್ದರಿಂದ ನೆಲ ಹಿಡಿದು ಮಲಗಿರುತ್ತದೆ. ನೆಲಮಾಳಿಗೆಗೆ ಇಳಿಯುವವರು ಉರಿಯುವ ಮೇಣದಬತ್ತಿಯನ್ನು ಮೊಣಕಾಲೆತ್ತರಕ್ಕೆ ಹಿಡಿದಿರಬೇಕು, ಆರಿದರೆ ಹಿಂದಿರುಗಬೇಕು. ಅವರ ವೇದಾಂತ ಇಷ್ಟೇ.

ಅವರ ದ್ರಾಕ್ಷಿತೋಟವಿದ್ದ ಗುಡ್ಡದ ಇಳಿಜಾರಿನ ನೆಲ ಮಣ್ಣೆನ್ನುವುದಕ್ಕಿಂತ ಕಲ್ಲಿನ ಪುಡಿ. ಬಳ್ಳಿ ಬೇರಿಳಿಸಲು ಹೆಣಗಿ, ಗೋಲಿಯಷ್ಟೂ ದಪ್ಪವಾಗದ ಕಪ್ಪು ಹಣ್ಣು ಬಿಡುತ್ತದೆ. ಅದರ ಕೆಂಪು ವೈನು ಮೊದಲ ಗುಟುಕಿಗೆ ಒಗರು, ಅಜ್ಜನ ಮಾತಿನ ಹಾಗೆಯೇ. ತಾಳಿಕೊಂಡವನಿಗೆ ಆಮೇಲೆ ಹಣ್ಣಿನ ಸವಿ, ಕೊನೆಯಲ್ಲಿ ನೆನೆದ ಕಲ್ಲಿನ ತಂಪು. ದೊಡ್ಡ ಕಂಪನಿಗಳು ಆ ಗುಡ್ಡವನ್ನು ತಿರುಗಿಯೂ ನೋಡಿರಲಿಲ್ಲ. ವರ್ಷಕ್ಕೆ ಒಂದೇ ತೊಟ್ಟಿ. ನಾನು ಹೊಗಳಲು ಹೊರಟರೆ “ಕುಡೀರಿ, ಮಾತ್ಯಾಕೆ” ಎನ್ನುತ್ತಿದ್ದರು.

ಆ ವರ್ಷ ತೊಟ್ಟಿಯ ಹೊಣೆಯನ್ನು ಮೊದಲ ಬಾರಿಗೆ ಮಗಳಿಗೆ ಬಿಟ್ಟುಕೊಟ್ಟಿದ್ದರು. ಚಳಿಗೆ ರಸ ಹುದುಗೇಳುವುದು ನಿಂತೀತೆಂದು ಹೆದರಿ ಅವಳು ಗೋಡೆಯ ಬುಡದ ಕಿಂಡಿಗೆ ಒಳಗಿನಿಂದ ಗೋಣಿಚೀಲ ತುರುಕಿದಳು. ರಸಕ್ಕೇನೋ ಬೆಚ್ಚಗಾಯಿತು, ಕೆಟ್ಟ ಗಾಳಿ ಹೊರಹೋಗುವ ದಾರಿಯೂ ಅದೊಂದೇ ಎಂಬುದು ಅವಸರದಲ್ಲಿ ಮರೆತುಹೋಯಿತು. ಮರುದಿನ ಬೆಳಗ್ಗೆ ನಾನು ಹೋದಾಗ ಅಜ್ಜ ಮೆಟ್ಟಿಲಿಳಿಯುತ್ತಿದ್ದರು. ಅರ್ಧ ದಾರಿಯಲ್ಲೇ ಬತ್ತಿ ಆರಿತು. ಹಚ್ಚಿದರು, ಮತ್ತೆ ಆರಿತು. ಮೇಲೆ ಬಂದು ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕುಳಿತುಬಿಟ್ಟರು.

ಮೇಲೆ ತೇಲುವ ಸಿಪ್ಪೆಯನ್ನು ದಿನವೂ ರಸದಲ್ಲಿ ಮುಳುಗಿಸದಿದ್ದರೆ ವೈನು ಹುಳಿಯಾಗುತ್ತದೆ. ಮಗಳು ಬಾಗಿಲ ಬಳಿಗೆ ಓಡಿಬಂದಳು.

“ದಾರಿ ಬಿಡಪ್ಪ. ಉಸಿರು ಬಿಗಿಹಿಡ್ಕೊಂಡು ಹೋಗಿ ಗೋಣಿ ಎಳೆದು ಬಂದ್ಬಿಡ್ತೀನಿ. ನಾಲ್ಕು ಹೆಜ್ಜೆ ಅಷ್ಟೆ.”

“ನಿಮ್ಮ ದೊಡ್ಡಪ್ಪಾನೂ ನಾಲ್ಕೇ ಹೆಜ್ಜೆ ಅಂದಿದ್ದ. ಎತ್ಕೊಂಡು ಬಂದೋನು ನಾನು.”

“ನನ್ನ ಮೊದಲ್ನೇ ವೈನು ಅಪ್ಪ.”

“ಹುಳಿಯಾಗ್ಲಿ.”

“ನನ್ನ ಮೇಲೆ ನಂಬಿಕೇನೇ ಇಲ್ಲ ನಿಂಗೆ.”

“ನಿನ್ನ ಮೇಲಿದೆ. ಗಾಳಿ ಮೇಲಿಲ್ಲ.”

ಅವಳು ಕೋಟಿನ ತೋಳು ಹಿಡಿದು ಜಗ್ಗಿದಳು. ಹೊಲಿಗೆ ಬಿಚ್ಚಿತೇ ಹೊರತು ಅಜ್ಜ ಕದಲಲಿಲ್ಲ. ಅವಳು ಗೆದ್ದರೆ ಏನಾಗುತ್ತದೆಂದು ಮೂವರಿಗೂ ಗೊತ್ತಿತ್ತು, ಆದರೂ ಅವಳು ಜಗ್ಗುತ್ತಲೇ ಇದ್ದಳು.

ಹೊರಗಿನಿಂದ ಕೋಲು ಹಾಕಿ ತಳ್ಳಿದರೂ ಗೋಣಿ ಜಾರಲಿಲ್ಲ. ಕಲ್ಲುಗೋಡೆಯನ್ನೇ ಒಡೆದು, ಬತ್ತಿ ಆರದೆ ಕೆಳಗಿಳಿಯುವ ಹೊತ್ತಿಗೆ ದಿನಗಳೇ ಕಳೆದಿದ್ದವು. ಮನೆಯೆಲ್ಲ ವಿನೆಗರ್ ವಾಸನೆ. ಚಳಿಗಾಲ ಮುಗಿಯುವವರೆಗೂ ಅವಳು ಅಪ್ಪನ ಮುಂದೆ ತಟ್ಟೆ ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅಜ್ಜ ಉಂಡು ಎದ್ದು, ಹರಿದ ಕೋಟನ್ನೇ ತೊಟ್ಟು ಹೊರಡುತ್ತಿದ್ದರು.

ಈಗ ಅಜ್ಜ ಇಲ್ಲ. ಕಪಾಟಿನಲ್ಲಿ ವರ್ಷಕ್ಕೊಂದರಂತೆ ಬಾಟಲಿಗಳ ಸಾಲಿದೆ. ನಡುವೆ ಒಂದು ಜಾಗ ಖಾಲಿ. ಬಂದವರಿಗೆ ಮಗಳು ಮೊದಲು ತೋರಿಸುವುದು ಅದನ್ನೇ. ಅವಳ ಬಲಗೈಯೂ ಇತ್ತೀಚೆಗೆ ಮೊಣಕಾಲಿನತ್ತ ಇಳಿಯುತ್ತಿದೆ. ಬೆಂಕಿಗೆ ಹಾರಿ ಉಳಿಸಿದವರ ಕತೆಯನ್ನು ಲೋಕ ತಲೆಮಾರುಗಟ್ಟಲೆ ಹೇಳುತ್ತದೆ. ಬಾಗಿಲಿಗೆ ಬೆನ್ನು ಕೊಟ್ಟು ಉಳಿಸಿದವರಿಗೆ ಕತೆಯೇ ಇಲ್ಲ, ಏನೂ ಆಗಲಿಲ್ಲವಲ್ಲ. ಅಂಥವರನ್ನು ನಾವು ಹಟಮಾರಿಗಳು ಎನ್ನುತ್ತೇವೆ. ಹಾಗೆನ್ನಲು ನಮಗೆ ಉಸಿರು ಉಳಿದಿರುವುದು ಅವರಿಂದ.